ಎಲ್ಬೆಯ ದಡದಲ್ಲಿ ಆರು ತಿಂಗಳು

ರುಮೈತಿಯಾ, ಕುವೈತ್
17 ಜೂನ್ 2002, ಸೋಮವಾರ

ಮುಝಮ್ಮಿಲ್ ಮೋನೇ,

ಉಮ್ಮನ ಸಲಾಂ. ಇವತ್ತು ಸೋಮವಾರದ ಉಪವಾಸ. ಸುಬ್ಹಿ ಬಾಂಗಿಗೆ ಮೊದಲು ಎರಡು ಖರ್ಜೂರ ತಿಂದು ನೀರು ಕುಡಿದೆ. ನಮಾಝ್ ಮುಗಿಸಿ ಅಂಗಳದ ಧೂಳು ಗುಡಿಸಿದೆ. ನಿನ್ನೆಯ ಗಾಳಿಗೆ ಬಾಗಿಲ ಸಂದಿನಲ್ಲೆಲ್ಲ ಮರಳು. ಮನೆಯೊಡೆಯರ ಮಕ್ಕಳ ತಿಂಡಿ ಆಯಿತು, ಮೀನು ಕೊಯ್ದು ಫ್ರಿಜ್ಜಿನಲ್ಲಿಟ್ಟೆ, ಅನ್ನಕ್ಕೆ ಅಕ್ಕಿ ನೆನೆಹಾಕಿದೆ. ಉಪವಾಸದ ದಿನ ಉಪ್ಪು ನೋಡಲು ಜೊತೆ ಕೆಲಸದ ಕಾಂತಮ್ಮನನ್ನು ಕರೆಯಬೇಕು. ಆಂಧ್ರದವಳಲ್ಲವೇ, ಏನು ಕೊಟ್ಟರೂ "ಖಾರ ಸಾಲದು" ಎನ್ನುತ್ತಾಳೆ. ಉಪ್ಪಿನ ಮಾತೇ ಇಲ್ಲ.

ನೀನು ಯಜಮಾನರಾದ ದೊಡ್ಡ ಬಾಬಾರನ್ನು ಮದ್ದಿಗೆ ಕರೆದುಕೊಂಡು ಜರ್ಮನಿಗೆ ಹೋಗಿ ನಾಲ್ಕು ತಿಂಗಳಾಗುತ್ತಾ ಬಂತು. ಅವರ ಬಲಗೈ ಈಗ ಏಳುತ್ತದೆಯೇ? ಊಟ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಯೇ? ಬದರ್ ಪ್ರತಿ ಶುಕ್ರವಾರ ಆಸ್ಪತ್ರೆಗೆ ಫೋನ್ ಮಾಡುತ್ತಾನೆ. ಅಪ್ಪನ ಸುದ್ದಿ ಮನೆಯೊಡತಿ ಮಾಮಾಳಿಗೆ ಹೇಳುತ್ತಾನೆ, ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತೇನೆ. ನಿನ್ನ ಸುದ್ದಿ ಅದರಲ್ಲಿ ಇರುವುದಿಲ್ಲ.

ಮೊನ್ನೆ ಮಾಮಾ ಅಡುಗೆಮನೆಗೆ ಬಂದು ಕುರ್ಚಿ ಎಳೆದುಕೊಂಡು ಕುಳಿತಳು. ಮನೆಯೊಡತಿ ಅಡುಗೆಮನೆಯಲ್ಲಿ ಕುಳಿತರೆ ಒಳ್ಳೆಯ ಮಾತು ಬರುವುದಿಲ್ಲ ಎಂದು ನನಗೆ ಹದಿನೇಳು ವರ್ಷದಲ್ಲಿ ಗೊತ್ತಾಗಿದೆ.

"ಬೀಫಾತುಮ್ಮ, ನಿನ್ನ ಮಗ ಅಲ್ಲಿಂದ ಓಡಿಹೋಗುವುದಿಲ್ಲ ತಾನೆ?"

"ಅವನು ನನ್ನ ಮಗ, ಮಾಮಾ."

"ಓಡಿಹೋದವರೆಲ್ಲ ಯಾರದೋ ಮಕ್ಕಳೇ."

ಎದುರು ಮನೆಯ ಡ್ರೈವರ್ ಹೋದ ವರ್ಷ ಲಂಡನ್ನಿನಲ್ಲಿ ಮಾಯವಾದದ್ದು ನಿನಗೆ ಗೊತ್ತುಂಟು. ಅವನ ಅಣ್ಣನೂ ಅದೇ ಮನೆಯಲ್ಲಿದ್ದ. ಅವನನ್ನು ಒಂದೇ ದಿನದಲ್ಲಿ ವಿಮಾನ ಹತ್ತಿಸಿದರು, ಒಗೆದ ಬಟ್ಟೆ ಹಗ್ಗದಲ್ಲೇ ಉಳಿಯಿತು.

ನಿನ್ನ ತಂಗಿ ಸಮೀಹಾಳ ನಿಕಾಹ್ ರಂಝಾನ್ ಕಳೆದ ಮೇಲೆ ಎಂದು ನಿಶ್ಚಯವಾಗಿದೆ. ರಜೆ ಕೇಳಿದೆ. "ಮಗ ಬರಲಿ, ಆಮೇಲೆ ನೋಡುವ" ಎಂದಳು. ನನ್ನ ಪಾಸ್‌ಪೋರ್ಟ್ ಬದರ್‌ನ ಮೇಜಿನ ಎರಡನೇ ಡ್ರಾಯರಿನಲ್ಲಿದೆ. ಅದರ ಪಕ್ಕದಲ್ಲಿ ನಿನ್ನದು ಇದ್ದ ಜಾಗ ಖಾಲಿ. ಆರು ತಿಂಗಳು ಹೊರಗೆ ಉಳಿದರೆ ಈ ದೇಶದಲ್ಲಿರುವ ಪರವಾನಗಿ, ಇಕಾಮಾ, ತಾನಾಗಿ ಸಾಯುತ್ತದೆ, ನೆನಪಿಟ್ಟುಕೋ.

ಈ ಮನೆಯ ಫೋನಿಗೆ ಮಾತಾಡಬೇಡ, ಎಲ್ಲರೂ ಕೇಳಿಸಿಕೊಳ್ಳುತ್ತಾರೆ. ಪತ್ರ ಬರೆ. ಸಾಲ್ಮಿಯಾದಲ್ಲಿ ಅಬ್ದುಲ್ ನಾಸಿರನ ಬಕಾಲಾ ಅಂಗಡಿಯ ಪೋಸ್ಟ್ ಬಾಕ್ಸಿಗೆ ಹಾಕಿದರೆ ಅವನು ಸಾಮಾನಿನ ಜೊತೆ ತಂದುಕೊಡುತ್ತಾನೆ. ಅದು ಎಂತಹ ಊರು, ಏನು ತಿನ್ನುತ್ತಾರೆ, ಎಲ್ಲ ಬರೆ.

ದುಆದೊಂದಿಗೆ,
ಉಮ್ಮ


ಎಲ್ಬೆ ನದಿಯ ದಡ, ಜರ್ಮನಿ
30 ಜೂನ್ 2002

ಪ್ರೀತಿಯ ಉಮ್ಮನಿಗೆ,

ನಿಮ್ಮ ಪತ್ರ ಬಂದು ಮೂರು ದಿನ ಆಯಿತು. ಬಾಬಾರ ಬಲಗೈ ಭುಜದವರೆಗೆ ಏಳುತ್ತದೆ. ಮೊನ್ನೆ ಸ್ಪಷ್ಟವಾಗಿ ಒಂದು ಮಾತು ಹೇಳಿದರು. ಏನು ಗೊತ್ತುಂಟಾ? "ಚಹಾ ತಣ್ಣಗಿದೆ." ದಾದಿಯರೆಲ್ಲ ಚಪ್ಪಾಳೆ ತಟ್ಟಿದರು, ಬಾಬಾರಿಗೆ ಇನ್ನೂ ಸಿಟ್ಟು ಬಂತು.

ಇದು ಪೇಟೆಯಲ್ಲ, ಪೂರಾ ಹಳ್ಳಿಯ ಜಿಲ್ಲೆ. ಆಸ್ಪತ್ರೆ ಒಂದು ಗುಡ್ಡದ ಕೆಳಗೆ, ಅದರ ಮುಂದೆ ಹುಲ್ಲುಗಾವಲು, ಆಮೇಲೆ ಮಣ್ಣಿನ ಎತ್ತರದ ಏರಿ, ಅದರಾಚೆ ಎಲ್ಬೆ. ನೇತ್ರಾವತಿಯ ಹಾಗೆ ಓಡುವುದಿಲ್ಲ, ನಿಂತ ಹಾಗೆ ಕಾಣುತ್ತದೆ. ಏರಿಯ ಮೇಲೆ ಕುರಿ ಬಿಡುತ್ತಾರೆ. ಹುಲ್ಲು ಮೇಯುವುದು ಮಾತ್ರ ಅವುಗಳ ಕೆಲಸವಲ್ಲ, ಕಾಲಿನಿಂದ ಮಣ್ಣನ್ನು ತುಳಿದು ಗಟ್ಟಿ ಮಾಡುತ್ತವಂತೆ. ಮನೆಗಳ ಮಾಡಿನ ಮೇಲೆ ದೊಡ್ಡ ಬಿಳಿ ಕೊಕ್ಕರೆಗಳ ಗೂಡು. ಅವು ಗೂಡು ಕಟ್ಟಿದ ಮನೆಯವರು ಅದಕ್ಕೆ ಕೈ ಹಚ್ಚುವುದಿಲ್ಲ.

ನಾನು ಇರುವುದು ಗರ್ಟ್ರೂಡ್ ಎಂಬ ಮುದುಕಿಯ ಮನೆಯ ಅಟ್ಟದ ಕೋಣೆಯಲ್ಲಿ. ಅರವತ್ತೊಂಬತ್ತು ವಯಸ್ಸು, ಒಬ್ಬಳೇ. ಊರು ದುಂಡಗೆ ಉಂಟು ಉಮ್ಮ. ನಡುವೆ ಅಂಗಳ, ಸುತ್ತಲೂ ಮರದ ಚೌಕಟ್ಟಿನ ಮನೆಗಳು, ಎಲ್ಲ ಮನೆಯ ಮುಖ ಒಳಗೆ. ಒಳಬರಲು ಒಂದೇ ದಾರಿ. ಯಾರ ಮನೆಗೆ ಯಾರು ಬಂದರೂ ಎಲ್ಲರಿಗೂ ಕಾಣುತ್ತದೆ. ಪ್ರತಿ ಮನೆಯ ಮುಂದಿನ ತೊಲೆಯಲ್ಲಿ ಕಟ್ಟಿದವನ ಹೆಸರು, ಇಸವಿ, ಕೆಳಗೆ ದೇವರಲ್ಲಿ ಒಂದು ಬೇಡಿಕೆ ಕೆತ್ತಿದೆ. ನೀವು ನೋಡಿದರೆ ಇಷ್ಟಪಡುತ್ತಿದ್ದಿರಿ.

ಮೊದಲು ಇಲ್ಲಿನವರು ಮನೆಯಲ್ಲಿ ಬೇರೆಯೇ ಒಂದು ಭಾಷೆ ಆಡುತ್ತಿದ್ದರಂತೆ. ಇನ್ನೂರೈವತ್ತು ವರ್ಷದ ಹಿಂದೆ ಅದು ಮುಗಿದುಹೋಯಿತು. ಒಬ್ಬ ರೈತ ಕೆಲವು ಪದಗಳನ್ನು ಬರೆದಿಟ್ಟಿದ್ದಾನೆ, ಅಷ್ಟೇ ಉಳಿದಿರುವುದು. ನಮ್ಮ ಬ್ಯಾರಿ ಮಾತೂ ಬರೆದಿಡುವವರು ಇಲ್ಲದ ಮಾತಲ್ಲವೇ ಎಂದು ಗರ್ಟ್ರೂಡಳಿಗೆ ಹೇಳಿದೆ. "ಹಾಗಾದರೆ ನೀನು ಬರೆ" ಎಂದಳು.

ಆಸ್ಪತ್ರೆಯ ಅಡುಗೆಮನೆಯಲ್ಲಿ ಒಬ್ಬ ಲೆಬನಾನಿನವನು ಇದ್ದಾನೆ. ನನ್ನ ಕೈಕೆಲಸ ನೋಡಿ, "ಮುದುಕರನ್ನು ಎತ್ತಿ ಮಲಗಿಸುವವರು ಈ ಜಿಲ್ಲೆಯಲ್ಲಿ ಸಿಕ್ಕುವುದಿಲ್ಲ, ಮಕ್ಕಳೆಲ್ಲ ಪೇಟೆಗೆ ಹೋಗಿದ್ದಾರೆ. ನನ್ನ ಪರಿಚಯದ ವಕೀಲ ಇದ್ದಾನೆ" ಎಂದ. ಸುಮ್ಮನೆ ಹೇಳಿದ್ದು.

ನನ್ನ ಮತ್ತು ಬಾಬಾರ ಪಾಸ್‌ಪೋರ್ಟ್ ಆಸ್ಪತ್ರೆಯ ಆಫೀಸಿನ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಬದರ್ ಹಾಗೆ ಹೇಳಿ ಹೋಗಿದ್ದಾನೆ.

ನಿಮ್ಮ,
ಮುಝಮ್ಮಿಲ್


ರುಮೈತಿಯಾ
15 ಜುಲೈ 2002, ಸೋಮವಾರ

ಮೋನೇ,

ಉಪವಾಸದಲ್ಲಿ ಸಿಟ್ಟು ಮಾಡಬಾರದು. ಅದಕ್ಕೇ ನಿನ್ನ ಪತ್ರಕ್ಕೆ ನಾಲ್ಕು ದಿನ ಉತ್ತರ ಬರೆಯಲಿಲ್ಲ. ಇವತ್ತೂ ಉಪವಾಸವೇ, ಆದರೂ ಬರೆಯುತ್ತೇನೆ.

ಸುಮ್ಮನೆ ಹೇಳಿದ್ದನ್ನು ಯಾರೂ ಪತ್ರದಲ್ಲಿ ಬರೆಯುವುದಿಲ್ಲ. ಕುರಿ, ಕೊಕ್ಕರೆ, ದುಂಡು ಊರು ಎಂದು ಎರಡು ಪುಟ ಬರೆದು ಕೊನೆಗೆ ವಕೀಲನನ್ನು ತಂದೆ. ನೀನು ಚಿಕ್ಕವನಿದ್ದಾಗ ಅಂಗಡಿಯ ಸಾಮಾನಿನ ಪಟ್ಟಿ ಓದಿ ಹೇಳುತ್ತಿದ್ದೆ, ನೆನಪುಂಟಾ? ಅಕ್ಕಿ, ಎಣ್ಣೆ, ಈರುಳ್ಳಿ, ಬೆಲ್ಲದ ಮಿಠಾಯಿ. ಮಿಠಾಯಿ ಯಾವಾಗಲೂ ಕೊನೆಗೆ, ಸಣ್ಣ ದನಿಯಲ್ಲಿ.

ತೊಂಬತ್ತರ ಆಗಸ್ಟಿನಲ್ಲಿ ಇರಾಕಿನವರು ಬಂದಾಗ ನಾನೂ ನಿನ್ನ ಬಾಪನೂ ಇದೇ ಮನೆಯಲ್ಲಿದ್ದೆವು. ನೀನು ಅಜ್ಜಿಯ ಜೊತೆ ಊರಲ್ಲಿದ್ದೆ. ಅಂಗಡಿ ಖಾಲಿ, ನೀರು ಒಂದು ಹೊತ್ತು. ಹತ್ತನೇ ದಿನ ದೊಡ್ಡ ಬಾಬಾ ತಮ್ಮ ಕಾರಿನ ಕೀಲಿಯನ್ನು ಬಾಪನ ಕೈಗೆ ಕೊಟ್ಟರು. "ಅಬೂಬಕ್ಕರ್, ನಿನ್ನ ಹೆಂಡತಿಯನ್ನು ಜೋರ್ಡಾನ್ ಗಡಿಗೆ ಮುಟ್ಟಿಸು." ಹಿಂದಿನ ಸೀಟಿನಲ್ಲಿ ನೀರಿನ ಕ್ಯಾನು, ಖುಬೂಸ್ ರೊಟ್ಟಿಯ ಮೂಟೆ ಅವರೇ ಇಟ್ಟದ್ದು. ಆ ಕಾರು ಮರುಭೂಮಿಯಲ್ಲೇ ಕಳೆದುಹೋಯಿತು. ತೊಂಬತ್ತೆರಡರಲ್ಲಿ ನಾವು ತಿರುಗಿ ಬಂದ ದಿನ ನಿನ್ನ ಬಾಪ ತಲೆ ತಗ್ಗಿಸಿ ನಿಂತಿದ್ದರು. ಬಾಬಾ ಕೇಳಿದ್ದು ಒಂದೇ ಮಾತು: "ಊಟ ಆಯಿತಾ?"

ಬಾಪ ಹೋಗಿ ಐದು ವರ್ಷವಾಯಿತು. ಅವರ ಲೆಕ್ಕ ನೀನು ತೀರಿಸು ಎಂದು ನಾನು ಹೇಳುವುದಿಲ್ಲ. ಆದರೆ ಆ ಮುದುಕನನ್ನು ಅರ್ಧ ದಾರಿಯಲ್ಲಿ ಬಿಡಬೇಡ.

ಅಬ್ದುಲ್ ನಾಸಿರ್ ಪತ್ರ ಕೊಡುವಾಗ, "ಉಮ್ಮ, ಇದರಲ್ಲಿ ಎಂತ ಉಂಟು, ನೈಪತ್ತಿರ್ ರೊಟ್ಟಿಯಾ? ಇಷ್ಟು ಭಾರ!" ಎಂದು ನಕ್ಕ. ನಾನು ನಗಲಿಲ್ಲ.

ಉಮ್ಮ


ಎಲ್ಬೆಯ ದಡ
29 ಜುಲೈ 2002

ಉಮ್ಮ,

ಈ ಸಲ ಮಿಠಾಯಿ ಮೊದಲೇ ಬರೆಯುತ್ತೇನೆ. ವಕೀಲನನ್ನು ನೋಡಿದೆ. ಇಲ್ಲಿ ಉಳಿಯುವ ದಾರಿ ಉಂಟು, ಸುಲಭವಲ್ಲ. ಬಾಬಾರನ್ನು ವಿಮಾನ ಹತ್ತಿಸಿದ ಮೇಲೂ ಆಗುತ್ತದೆ, ಅವರನ್ನು ಅರ್ಧ ದಾರಿಯಲ್ಲಿ ಬಿಡಬೇಕಾಗಿಲ್ಲ. ನನಗೆ ಇಪ್ಪತ್ತೇಳು. ಡ್ರೈವರ್ ಆಗಿ, ಆಮೇಲೆ ಬಾಬಾರ ಕೈಕಾಲಾಗಿ ಏಳು ವರ್ಷ ಕಳೆಯಿತು. ಇಲ್ಲಿ ಎರಡು ವರ್ಷ ಕಲಿತರೆ ಮುದುಕರ ಆರೈಕೆಗೆ ಸರ್ಟಿಫಿಕೇಟು ಕೊಡುತ್ತಾರೆ. ನನ್ನ ಹೆಸರಿನಲ್ಲಿ.

ಗರ್ಟ್ರೂಡಳಿಗೆ ಹೇಳಿದೆ. ಅವಳು ನನ್ನನ್ನು ಏರಿಯ ಮೇಲೆ ಕರೆದುಕೊಂಡು ಹೋದಳು. ಆಚೆ ದಡದಲ್ಲಿ ನಾಲ್ಕು ಓಕ್ ಮರ ತೋರಿಸಿ, "ಅಲ್ಲಿ ನನ್ನ ಅಮ್ಮನ ಮನೆ ಇತ್ತು" ಎಂದಳು.

ಯುದ್ಧದ ನಂತರ ಈ ದೇಶ ಎರಡಾದಾಗ ಇಲ್ಲಿ ನದಿಯೇ ಗಡಿಯಾಯಿತಂತೆ. ಸೇತುವೆ ಯುದ್ಧದಲ್ಲೇ ಮುರಿದಿತ್ತು, ಹೊಸದು ಕಟ್ಟಿ ಹತ್ತು ವರ್ಷ ಮಾತ್ರ. ಐವತ್ತೆರಡರ ವಸಂತದಲ್ಲಿ ಗರ್ಟ್ರೂಡ್ ಹತ್ತೊಂಬತ್ತರ ಹುಡುಗಿ. ಮೀನಿನ ದೋಣಿಯಲ್ಲಿ ಈಚೆಗೆ ಬಂದಳು. ಇಲ್ಲಿ ಕೆಲಸ ಇತ್ತು, ಒಬ್ಬ ಹುಡುಗನೂ ಇದ್ದ. ಎರಡು ವಾರದಲ್ಲಿ ಅಮ್ಮನನ್ನು ಕರೆಸಿಕೊಳ್ಳುತ್ತೇನೆ ಎಂದುಕೊಂಡಿದ್ದಳು. ಜೂನಿನಲ್ಲಿ ಆಚೆ ದಡಕ್ಕೆ ಲಾರಿಗಳು ಬಂದವು. ಗಡಿಯ ಹತ್ತಿರ ನಂಬಿಕೆಗೆ ಅರ್ಹರಲ್ಲದವರು ಇರಬಾರದು ಎಂದು ಪಟ್ಟಿ ಮಾಡಿದ್ದರು. ಮಗಳು ಓಡಿಹೋದ ಮನೆ ಆ ಪಟ್ಟಿಯಲ್ಲಿತ್ತು. ಕೆಲವೇ ಗಂಟೆಯ ಅವಧಿ ಕೊಟ್ಟು, ಹಸುವನ್ನು ಕೊಟ್ಟಿಗೆಯಲ್ಲೇ ಬಿಡಿಸಿ, ಅಮ್ಮನನ್ನು ಎಲ್ಲೋ ದೂರದ ಊರಿಗೆ ಸಾಗಿಸಿದರು. ಆಮೇಲೆ ದಡದುದ್ದಕ್ಕೂ ಬೇಲಿ. ಮನೆಯನ್ನೂ ಕೆಡವಿದರು. ಅಮ್ಮ ಎಪ್ಪತ್ತೊಂದರಲ್ಲಿ ತೀರಿಕೊಂಡಳು. ಇವಳಿಗೆ ಹೋಗಲಾಗಲಿಲ್ಲ.

ಹತ್ತೊಂಬತ್ತು ವರ್ಷ ಅಮ್ಮ ಪತ್ರ ಬರೆದಳಂತೆ. ಪತ್ರಗಳನ್ನು ಸರ್ಕಾರದವರು ಓದುತ್ತಿದ್ದರು. ಅದಕ್ಕೆ ಎಲ್ಲದರಲ್ಲೂ ಕೋಳಿ ಮತ್ತು ಆಲೂಗಡ್ಡೆ. "ಈ ವರ್ಷ ಆಲೂಗಡ್ಡೆ ಚೆನ್ನಾಗಿದೆ. ಕಂದು ಕೋಳಿ ಮೊಟ್ಟೆ ಇಡುತ್ತಿಲ್ಲ." ಅಷ್ಟೇ. "ಅವಳು ನನ್ನನ್ನು ಕ್ಷಮಿಸಿದಳೋ, ಶಪಿಸಿದಳೋ, ನನಗೆ ಇವತ್ತಿಗೂ ಗೊತ್ತಿಲ್ಲ" ಎಂದಳು ಗರ್ಟ್ರೂಡ್.

ಅದಕ್ಕೇ ಕೇಳುತ್ತೇನೆ ಉಮ್ಮ. ನಾನು ಇಲ್ಲಿ ಉಳಿದರೆ ಅವರು ನಿಮಗೆ ಏನು ಮಾಡುತ್ತಾರೆ? ನೇರವಾಗಿ ಬರೆಯಿರಿ. ಆಲೂಗಡ್ಡೆ ಬರೆಯಬೇಡಿ.

ಮುಝಮ್ಮಿಲ್


ರುಮೈತಿಯಾ
8 ಆಗಸ್ಟ್ 2002, ಗುರುವಾರ

ಮೋನೇ,

ಸಲಾಂ. ಇವತ್ತು ಗುರುವಾರದ ಉಪವಾಸ. ಸೆಖೆ ವಿಪರೀತ, ನಳ್ಳಿಯಲ್ಲಿ ತಣ್ಣೀರು ಬರುವುದೇ ಇಲ್ಲ. ಬೆಳಿಗ್ಗೆ ಇಪ್ಪತ್ತು ಜನರ ಮಜ್ಬೂಸ್ ಅನ್ನಕ್ಕೆ ಕೋಳಿ ತೊಳೆದೆ. ಮಾಮಾಳ ತಂಗಿಯ ಮನೆಯವರು ಬರುತ್ತಾರೆ. ಕಾಂತಮ್ಮನಿಗೆ ಸೊಂಟ ನೋವು. ಸಮೀಹಾ ಮದುವೆಗೆ ಹಸಿರು ಬಣ್ಣದ ಬಟ್ಟೆ ಬೇಕು ಎಂದು ಬರೆದಿದ್ದಾಳೆ, ಇಲ್ಲಿ ಸೂಕ್ ಮುಬಾರಕಿಯಾ ಪೇಟೆಯಲ್ಲಿ ನೋಡಬೇಕು.

ಏನು ಮಾಡುತ್ತಾರೆ ಎಂದು ಕೇಳಿದೆ. ಏನೂ ಮಾಡುವುದಿಲ್ಲ. ನೀನು ದೊಡ್ಡವನು, ನಿನ್ನ ಬುದ್ಧಿ ನಿನಗುಂಟು.

ದಿನದ ಲೆಕ್ಕ ಮಾತ್ರ ಹೇಳುತ್ತೇನೆ. ನೀನು ಹೊರಟದ್ದು ಬಕ್ರೀದಿನ ಮೂರನೇ ದಿನ, ದುಲ್‌ಹಜ್ಜ್ ಹನ್ನೆರಡು. ಬರುವ ಜಮಾದುಲ್ ಆಖಿರ್ ತಿಂಗಳ ಹನ್ನೆರಡಕ್ಕೆ ಆರು ತಿಂಗಳು. ಸೂರ್ಯ ಮುಳುಗಿ ಹನ್ನೆರಡರ ಮಗ್ರಿಬ್ ಬಾಂಗ್ ಆಯಿತೋ, ಖಲಾಸ್. ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ, ಚಂದ್ರನನ್ನೂ ನೋಡುತ್ತಿದ್ದೇನೆ.

ಉಮ್ಮ


ಎಲ್ಬೆಯ ದಡ
18 ಆಗಸ್ಟ್ 2002, ಭಾನುವಾರ

ಉಮ್ಮ,

ನಿಮ್ಮ ಪತ್ರ ನಿನ್ನೆ ಬಂತು. ಅದರಲ್ಲಿ ಇದ್ದದ್ದು ಕೋಳಿ. ಗರ್ಟ್ರೂಡಳಿಗೆ ಓದಿ ಹೇಳಿದೆ. ಅವಳು ಕನ್ನಡಕ ತೆಗೆದು ಒರೆಸಿಕೊಂಡಳು.

ಮೊದಲು ಒಂದು ಮಾತು. ಆರು ತಿಂಗಳು ಚಂದ್ರನ ಲೆಕ್ಕವಲ್ಲ. ಇಕಾಮಾಕ್ಕೆ ಇಂಗ್ಲಿಷ್ ತಿಂಗಳು. ಫೆಬ್ರವರಿ 24ಕ್ಕೆ ಹೊರಟೆ, ಆಗಸ್ಟ್ 24ರವರೆಗೆ ಸಮಯ ಉಂಟು. ಹನ್ನೆರಡರ ಚಂದ್ರ ನೋಡಿ ಹೆದರಬೇಡಿ.

ಇಲ್ಲಿ ನದಿ ಏಳುತ್ತಿದೆ. ಮೇಲಿನ ದೊಡ್ಡ ಪಟ್ಟಣಗಳು ಮುಳುಗಿವೆ, ಆ ನೀರೆಲ್ಲ ನಮ್ಮ ಕಡೆ ಬರುತ್ತಿದೆ. ನಿಂತ ಹಾಗೆ ಕಾಣುತ್ತದೆ ಎಂದು ಬರೆದಿದ್ದೆನಲ್ಲ, ಈಗ ಮರ, ಬೇಲಿ, ಒಂದು ದೋಣಿಮನೆ, ಎಲ್ಲ ಹೊತ್ತು ಹೋಗುತ್ತಿದೆ. ಹುಲ್ಲುಗಾವಲು ಕಾಣುವುದಿಲ್ಲ. ಕುರಿಗಳನ್ನು ಸಾಗಿಸಿದ್ದಾರೆ. ಏರಿಯ ಮೇಲೆ ಮಿಲಿಟರಿಯವರು, ಶಾಲೆಯ ಮಕ್ಕಳು, ಪಾದ್ರಿ, ಎಲ್ಲರೂ ಸಾಲಾಗಿ ನಿಂತು ಮರಳು ಚೀಲ ದಾಟಿಸುತ್ತಿದ್ದಾರೆ. ನಾನೂ ಎರಡು ದಿನ ನಿಂತೆ. ಚೀಲವನ್ನು ಬಾಯಿ ತನಕ ತುಂಬಿದೆ. ನನ್ನ ಪಕ್ಕದ ರೈತ ಅರ್ಧ ಸುರಿದುಬಿಟ್ಟ. "ಪೂರ್ತಿ ತುಂಬಿದ ಚೀಲ ಕಲ್ಲಿನ ಹಾಗೆ, ಸಂದಿಯಲ್ಲಿ ನೀರು ಬಿಡುತ್ತದೆ. ಸಡಿಲ ಇದ್ದರೆ ಒಂದಕ್ಕೊಂದು ಅಂಟಿ ಕೂರುತ್ತದೆ" ಎಂದ. ಎಪ್ಪತ್ನಾಲ್ಕರ ನೆರೆಗೆ ನಮ್ಮ ಮನೆಯ ಗೋಡೆ ಹೋದದ್ದನ್ನು ನೀವು ಹೇಳುತ್ತಿದ್ದಿರಲ್ಲ, ಅದನ್ನು ಅವನಿಗೆ ಹೇಳಿದೆ. ಆಮೇಲೆ ಅವನು ತನ್ನ ರೊಟ್ಟಿಯಲ್ಲಿ ಪಾಲು ಕೊಟ್ಟ.

ಮಂಗಳವಾರ ಬೆಳಿಗ್ಗೆ ಆಸ್ಪತ್ರೆ ಖಾಲಿ ಮಾಡುತ್ತಾರೆ. ಇವತ್ತು ಆಫೀಸಿನವಳು ಕಬ್ಬಿಣದ ಪೆಟ್ಟಿಗೆ ತೆಗೆದು ಎಲ್ಲರ ಕಾಗದ ಅವರವರ ಕೈಗೆ ಕೊಟ್ಟಳು. ಎರಡು ಪಾಸ್‌ಪೋರ್ಟ್ ಈಗ ನನ್ನ ಅಂಗಿಯ ಕಿಸೆಯಲ್ಲಿದೆ. ಏಳು ವರ್ಷದಲ್ಲಿ ನನ್ನದು ನನ್ನ ಕೈಗೆ ಬಂದದ್ದು ಇದೇ ಮೊದಲು. ಫೋಟೋ ನೋಡಿದೆ. ಎಷ್ಟು ಸಣ್ಣವನಿದ್ದೆ!

ಲೆಬನಾನಿನವನು, "ಮಂಗಳವಾರ ಗಲಾಟೆಯಲ್ಲಿ ಯಾರೂ ಯಾರನ್ನೂ ಲೆಕ್ಕ ಹಾಕುವುದಿಲ್ಲ. ಸೇತುವೆಯ ಹತ್ತಿರ ನನ್ನ ಕಾರು ಇರುತ್ತದೆ. ಮುದುಕನನ್ನು ದಾದಿಯರು ನೋಡಿಕೊಳ್ಳುತ್ತಾರೆ" ಎಂದಿದ್ದಾನೆ.

ಬಾಬಾರಿಗೆ ಹೆದರಿಕೆ ಹಿಡಿದಿದೆ. ಹೆಲಿಕಾಪ್ಟರಿನ ಸದ್ದು ಕೇಳಿದಾಗಲೆಲ್ಲ ತೊಂಬತ್ತರದ್ದು ನೆನಪಾಗುತ್ತದೆಯೋ ಏನೋ. ಎಡಗೈಯಲ್ಲಿ ನನ್ನ ಕಾಲರ್ ಹಿಡಿದುಕೊಂಡೇ ಮಲಗುತ್ತಾರೆ. ಈಗಲೂ ಹಿಡಿದಿದ್ದಾರೆ, ಅದಕ್ಕೇ ಅಕ್ಷರ ಸೊಟ್ಟಗಿದೆ.

ಮಂಗಳವಾರ ಏನು ಮಾಡುತ್ತೇನೆ ಎಂದು ನನಗೆ ಗೊತ್ತಿಲ್ಲ. ಸುಳ್ಳು ಬರೆಯುವುದಿಲ್ಲ.

ಮುಝಮ್ಮಿಲ್


ರುಮೈತಿಯಾ
20 ಆಗಸ್ಟ್ 2002, ಮಂಗಳವಾರ, ಮಗ್ರಿಬ್ ಆದ ಮೇಲೆ

ಮೋನೇ,

ಈ ಪತ್ರವನ್ನು ಎಲ್ಲಿಗೆ ಕಳುಹಿಸುವುದು ಎಂದು ಗೊತ್ತಿಲ್ಲ, ಆದರೂ ಬರೆಯುತ್ತೇನೆ.

ಟಿವಿಯಲ್ಲಿ ಆ ನದಿಯನ್ನು ತೋರಿಸಿದರು. ಬದರ್ ಬೆಳಿಗ್ಗೆಯಿಂದ ಆಸ್ಪತ್ರೆಗೆ ಫೋನ್ ಮಾಡುತ್ತಿದ್ದಾನೆ, ಯಾರೂ ಎತ್ತುತ್ತಿಲ್ಲ. ಊಟಕ್ಕೆ ಕುಳಿತವನು ತಟ್ಟೆ ದೂಡಿ ಎದ್ದ. "ನನ್ನ ಅಪ್ಪ ಎಲ್ಲಿ?" ಎಂದು ಗೋಡೆಯನ್ನು ಕೇಳಿದ. ಆಮೇಲೆ ನನ್ನನ್ನು ನೋಡಿದ.

ಈಗ ಬಾಂಗ್ ಆಯಿತು. ಮಗ್ರಿಬಿನಿಂದ ನಮ್ಮ ಹೊಸ ದಿನ, ಹನ್ನೆರಡು ಶುರುವಾಯಿತು. ನೀನು ಬರಲಿಲ್ಲ. ಬರುತ್ತೇನೆ ಎಂಬ ಪತ್ರವೂ ಬರಲಿಲ್ಲ. ಆರು ತಿಂಗಳು ಮುಗಿಯಿತು ಎಂದರೆ ನೀನು ಉಳಿದೆ ಎಂದೇ ಅರ್ಥ. ನಿನ್ನ ಪ್ರಶ್ನೆಗೆ ನಾನು ನೇರ ಉತ್ತರ ಕೊಡಲಿಲ್ಲ, ನೀನೇ ಉತ್ತರ ಕಂಡುಕೊಂಡೆ.

ನಾಳೆ ಪೊಲೀಸು, ಎಂಬೆಸಿ ಎಂದು ಬದರ್ ಓಡುತ್ತಾನೆ. ಮುದುಕನನ್ನು ನೀರಿನಲ್ಲಿ ಬಿಟ್ಟು ಓಡಿದ ಎಂದು ನಿನ್ನ ಹೆಸರು ಬರೆಸುತ್ತಾನೆ. ಅದಕ್ಕೆ ಮೊದಲು ನಾನು ಹೇಳುತ್ತೇನೆ. ಬೆಳಗಿನ ಚಹಾ ಇಡುವಾಗ ಹೇಳುತ್ತೇನೆ: ಅವನು ತಾನಾಗಿ ಓಡಿದ್ದಲ್ಲ, ಉಳಿ ಎಂದು ಹೇಳಿದವಳು ನಾನು, ಏನು ಮಾಡುವುದಿದ್ದರೂ ನನಗೆ ಮಾಡಿ.

ಐವತ್ತು ವರ್ಷದಲ್ಲಿ ಬೇಕೆಂದು ಹೇಳುವ ಮೊದಲ ಸುಳ್ಳು. ಇಶಾ ನಮಾಝಿನಲ್ಲಿ ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಹಾಗೆ ಕೇಳಬಹುದೋ ಇಲ್ಲವೋ ಯಾರನ್ನು ಕೇಳಲಿ?

ಉಮ್ಮ


ಆಸ್ಪತ್ರೆ, ಕುವೈತ್
24 ಆಗಸ್ಟ್ 2002, ಶನಿವಾರ

ಉಮ್ಮ,

ನಾನು ಬಂದಿದ್ದೇನೆ. ನಿಮ್ಮಿಂದ ಇಪ್ಪತ್ತು ನಿಮಿಷದ ದಾರಿಯಲ್ಲಿ ಕುಳಿತು ಪತ್ರ ಬರೆಯುತ್ತಿದ್ದೇನೆ.

ನಿನ್ನೆ ಸಂಜೆ ಇಳಿದೆವು. ವಿಮಾನದಲ್ಲಿ ಬಾಬಾರಿಗೆ ಎದೆ ಕಟ್ಟಿತು, ಏರ್‌ಪೋರ್ಟಿನಿಂದ ನೇರ ಇಲ್ಲಿಗೆ ತಂದರು. ಕೋಣೆ ಬಿಟ್ಟು ಹೊರಗೆ ಹೋಗಬಾರದು ಎಂದು ಬದರ್ ಹೇಳಿದ್ದಾನೆ. ನನ್ನ ಪಾಸ್‌ಪೋರ್ಟ್ ತಿರುಗಿ ಅವನ ಕಿಸೆಗೆ ಹೋಯಿತು. ಆಮೇಲೆ ನಿಮ್ಮ ವಿಷಯ ಹೇಳಿದ.

ಮಂಗಳವಾರ ಏನಾಯಿತು ಎಂದು ಹೇಳಬೇಕು. ಬೆಳಿಗ್ಗೆ ಗರ್ಟ್ರೂಡಳ ಮನೆಯ ನೆಲಮಾಳಿಗೆಗೆ ನೀರು ಬರುತ್ತಿತ್ತು. ಒಂದು ಕಬ್ಬಿಣದ ಟ್ರಂಕು ಅಟ್ಟಕ್ಕೆ ಹೊತ್ತು ಹಾಕಲು ಹೇಳಿದಳು. ಅದರ ತುಂಬ ಅವಳ ಅಮ್ಮನ ಪತ್ರಗಳು. ನಾನು, "ಹೋಗಲಾ, ಉಳಿಯಲಾ?" ಎಂದು ಕೇಳಿದೆ. ಅವಳು, "ಈ ಟ್ರಂಕು ಎಷ್ಟು ಭಾರ ಎಂದು ಈಗ ನಿನಗೆ ಗೊತ್ತು" ಎಂದಳು, ಅಷ್ಟೇ.

ಲೆಬನಾನಿನವನ ಕಾರು ಸೇತುವೆಯ ಹತ್ತಿರ ನಿಂತಿತ್ತು, ಬಸ್ಸಿನ ಕಿಟಕಿಯಿಂದ ಕಂಡೆ. ಕೈ ಬೀಸಿದ. ಬಾಬಾ ಕಾಲರ್ ಹಿಡಿದಿದ್ದರು. ಬಿಡಿಸಿಕೊಳ್ಳಬಹುದಿತ್ತು ಉಮ್ಮ, ಮುದುಕರ ಹಿಡಿತ ಎಷ್ಟು ಗಟ್ಟಿ ಇದ್ದೀತು. ನಾನು ಬಿಡಿಸಿಕೊಳ್ಳಲಿಲ್ಲ.

ನಮ್ಮನ್ನು ದೂರದ ಊರಿನ ಶಾಲೆಯ ಆಟದ ಕೋಣೆಯಲ್ಲಿ ಮಲಗಿಸಿದರು. ಅಲ್ಲಿನ ಫೋನಿಗೆ ಸಾಲು ಹಚ್ಚಿ ನನ್ನ ಸರದಿ ಬಂದದ್ದು ಬುಧವಾರ ಮಧ್ಯಾಹ್ನದ ಮೇಲೆ. ಬದರ್ ಮೊದಲು ಕೇಳಿದ್ದು ಅಪ್ಪ ಉಸಿರಾಡುತ್ತಿದ್ದಾರಾ ಎಂದು. ಫೋನನ್ನು ಬಾಬಾರ ಕಿವಿಗೆ ಹಿಡಿದೆ. ಬಾಬಾ, "ಚಹಾ ಇಲ್ಲ" ಎಂದರು. ಬದರ್ ದೊಡ್ಡ ದನಿಯಲ್ಲಿ ಅತ್ತದ್ದು ನನಗೆ ಕೇಳಿಸಿತು. ಆಗ ಅವನು ಇಕಾಮಾ ಆಫೀಸಿನಿಂದ ಆಗತಾನೇ ಮನೆಗೆ ಬಂದಿದ್ದನಂತೆ. ನಿಮ್ಮ ಇಕಾಮಾ ರದ್ದಾಗಿ ಕಾಗದಕ್ಕೆ ಸೀಲು ಬಿದ್ದಾಗಿತ್ತು.

"ಹಾಕಿದ ಸೀಲು ತೆಗೆಯಲು ಬರುವುದಿಲ್ಲ. ಹೇಳಿದವಳು ನಿನ್ನ ತಾಯಿಯೇ. ಸುಳ್ಳಾದರೆ ಯಾಕೆ ಹೇಳಬೇಕಿತ್ತು?" ಎಂದು ಬದರ್ ನನ್ನನ್ನು ಕೇಳುತ್ತಾನೆ. ಬೈಯುವ ದನಿಯಲ್ಲ, ನಿಜವಾಗಿ ಕೇಳುತ್ತಾನೆ.

ಮಂಗಳವಾರ ನಿಮ್ಮ ವಿಮಾನ ಎಂದು ಇಲ್ಲಿಗೆ ನೋಡಲು ಬಂದ ಬಕಾಲಾದ ನಾಸಿರಾಕ ಹೇಳಿದರು, ಈ ಪತ್ರವೂ ಅವರ ಕೈಯಲ್ಲೇ. ಬಾಬಾ ನನ್ನ ಕೈಯಿಂದಲ್ಲದೆ ಬೇರೆಯವರಿಂದ ನೀರೂ ಕುಡಿಯುವುದಿಲ್ಲ. ನಿಮ್ಮನ್ನು ಇಲ್ಲಿಗೆ ಬಿಡುವುದಿಲ್ಲ, ನನ್ನನ್ನು ಅಲ್ಲಿಗೆ ಬಿಡುವುದಿಲ್ಲ.

ಇಂದು ಇಪ್ಪತ್ತನಾಲ್ಕು. ನಿನ್ನೆಯೇ ಬಂದೆ, ಒಂದು ದಿನ ಬಾಕಿ ಇತ್ತು. ನಾನು ಬಂದದ್ದೇ ತಪ್ಪಾಯಿತಾ ಉಮ್ಮ? ಈ ಸಲವಾದರೂ ನೇರವಾಗಿ ಬರೆಯಿರಿ.

ಮುಝಮ್ಮಿಲ್


ರುಮೈತಿಯಾ
26 ಆಗಸ್ಟ್ 2002, ಸೋಮವಾರ

ನನ್ನ ಮೋನೇ,

ಇವತ್ತೂ ಉಪವಾಸ. ಈ ಮನೆಯಲ್ಲಿ ಕೊನೆಯದು. ಬೆಳಿಗ್ಗೆ ಅಂಗಳ ಗುಡಿಸಲು ಹೋದರೆ ಕಾಂತಮ್ಮ ಪೊರಕೆ ಕಿತ್ತುಕೊಂಡಳು. "ನಿನ್ನ ಸಾರಿಗೆ ಖಾರ ಸಾಲುತ್ತಿತ್ತು, ನಾನೇ ಸುಳ್ಳು ಹೇಳುತ್ತಿದ್ದೆ" ಎಂದು ಅತ್ತಳು. ನೋಡು, ಈ ಮನೆಯಲ್ಲಿ ಸುಳ್ಳು ಹೇಳಿದವಳು ನಾನೊಬ್ಬಳೇ ಅಲ್ಲ.

ನಿನ್ನ ಹದಿನೆಂಟರ ಪತ್ರ ಇವತ್ತು ಬೆಳಿಗ್ಗೆ ಬಂತು. ಹನ್ನೆರಡರ ಚಂದ್ರ ನೋಡಿ ಹೆದರಬೇಡಿ ಎಂದು ಬರೆದಿದ್ದೀಯ. ಅಷ್ಟು ಹೊತ್ತಿಗೆ ಚಂದ್ರ ಹುಣ್ಣಿಮೆ ದಾಟಿತ್ತು. ಉಪವಾಸ, ಹಬ್ಬ, ನಿನ್ನ ಬಾಪನ ವರ್ಷದ ದಿನ, ಎಲ್ಲವನ್ನೂ ಚಂದ್ರನಲ್ಲೇ ಎಣಿಸಿದವಳು ನಾನು. ಅರಬರ ದೇಶದ ಕಾಗದವೂ ಅದರಲ್ಲೇ ಇರಬೇಕು ಎಂದುಕೊಂಡೆ. ಮೂರು ದಿನದ ತಪ್ಪು. ಅದು ನನ್ನದು, ನಿನ್ನದಲ್ಲ. ಬದರ್‌ಗೂ ಹೇಳಿದೆ. ಅವನು ಮೇಜಿನ ಕ್ಯಾಲೆಂಡರ್ ನೋಡಿದ, ನನ್ನ ಮುಖ ನೋಡಿದ. "ಯಾ ಉಮ್ಮಿ, ನನ್ನನ್ನು ಒಂದು ಮಾತು ಕೇಳಬಾರದಿತ್ತಾ?" ಎಂದ. ಹದಿನೇಳು ವರ್ಷದಲ್ಲಿ ಮೊದಲ ಸಲ ಉಮ್ಮಿ ಎಂದ. ಎರಡನೇ ಡ್ರಾಯರ್ ಎಳೆದು ನನ್ನ ಪಾಸ್‌ಪೋರ್ಟ್ ತಾನೇ ತೆಗೆದು ಕೈಗೆ ಕೊಟ್ಟ.

ಈಗ ನಿನ್ನ ಪ್ರಶ್ನೆಗೆ ಬರುತ್ತೇನೆ. ನೀನು ಉಳಿದರೆ ನನಗೆ ಏನು ಮಾಡುತ್ತಾರೆ ಎಂದು ಕೇಳಿದ್ದೆ. ಇದನ್ನೇ ಮಾಡುತ್ತಾರೆ ಎಂದು ನನಗೆ ಅವತ್ತೇ ಗೊತ್ತಿತ್ತು. ಹೆದರಿಕೆಯಾಗಿತ್ತು. ಬಾ ಎಂದು ಬರೆದರೆ ನಿನ್ನ ಬದುಕಿಗೆ ನಾನು ಬೇಲಿ. ಬೇಡ ಎಂದು ಬರೆದರೆ ಸಮೀಹಾಳ ಮದುವೆಗೆ ತಾಯಿಯ ಸಂಬಳ ಇರುತ್ತದೋ ಇಲ್ಲವೋ. ಅದಕ್ಕೆ ಕೋಳಿ ಬರೆದೆ. ತಪ್ಪಾಯಿತು.

ನೀನು ಬಂದದ್ದು ತಪ್ಪಲ್ಲ. ನೀನು ಬಾರದೆ ಇದ್ದಿದ್ದರೂ ನಾನು ಶಪಿಸುತ್ತಿರಲಿಲ್ಲ. ಎರಡನ್ನೂ ಬರೆದಿಡುತ್ತೇನೆ, ಇಟ್ಟುಕೋ.

ದೊಡ್ಡ ಬಾಬಾ ಇರುವಷ್ಟು ದಿನ ಅವರ ಜೊತೆ ಇರು. ಅವರ ಬಾಯಿಗೆ ನೀರು ನಿನ್ನ ಕೈಯಿಂದಲೇ ಹೋಗಲಿ. ಅದು ಮುಗಿದ ಮೇಲೆ ನಿನ್ನ ಪಾಸ್‌ಪೋರ್ಟ್ ಕೇಳಿ ತೆಗೆದುಕೋ. ಆ ದುಂಡು ಊರಿಗೆ ಹೋಗುವುದಾದರೆ ಹೋಗು. ನನ್ನ ಲೆಕ್ಕ ಹಾಕಬೇಡ. ನಾಳೆಯಿಂದ ನಾನು ಯಾರ ಡ್ರಾಯರಿನಲ್ಲೂ ಇರುವುದಿಲ್ಲ. ನಿನ್ನ ಕಾರಣಕ್ಕೆ ಯಾರೂ ನನ್ನನ್ನು ಎಲ್ಲಿಂದಲೂ ಎಬ್ಬಿಸಲಾಗದು. ನಾಳೆ ಹೊತ್ತಿಗೆ ಆಚೆ ದಡದಲ್ಲಿರುವುದು ನಾನು, ಆದರೆ ಅಲ್ಲಿ ಬೇಲಿ ಇಲ್ಲ.

ಗರ್ಟ್ರೂಡಮ್ಮನಿಗೆ ಒಂದು ಕಾರ್ಡು ಹಾಕು. ಅವಳ ತಾಯಿ ಏನು ಬರೆಯಬೇಕೆಂದಿದ್ದಳೋ ನನಗೆ ಗೊತ್ತಿಲ್ಲ, ಗೊತ್ತು ಎಂದರೆ ಅದೂ ಸುಳ್ಳಾಗುತ್ತದೆ. ಆದರೆ ಸಿಟ್ಟಿದ್ದವಳು ಹತ್ತೊಂಬತ್ತು ವರ್ಷ ಕೋಳಿಯ ಸುದ್ದಿ ಬರೆಯುವುದಿಲ್ಲ. ಅಷ್ಟು ಮಾತ್ರ ಇನ್ನೊಬ್ಬಳು ತಾಯಿ ಹೇಳಿದಳು ಎಂದು ಬರೆ.

ಹಸಿರು ಬಟ್ಟೆ ಸಿಕ್ಕಿತು. ಇನ್ನೂ ಬರೆಯುವುದು ಉಂಟು, ಆದರೆ ನಿನ್ನ ರೈತ ಹೇಳಿದ ಹಾಗೆ ಚೀಲವನ್ನು ಬಾಯಿ ತನಕ ತುಂಬುವುದಿಲ್ಲ.

ನಿನ್ನ ಉಮ್ಮ,
ಬೀಫಾತುಮ್ಮ

(ಅದೇ ದಿನ ಬೇರೆಯಾಗಿ ಕಳುಹಿಸಿದ ಚೀಟಿ)

ಅಬ್ದುಲ್ ನಾಸಿರ್, ಈ ಚೀಟಿ ಹಾಲು ತಂದವನ ಕೈಯಲ್ಲಿ ಕಳುಹಿಸಿದ್ದೇನೆ. ಮಗನಿಗೆ ಉತ್ತರ ಬರೆದು ಅಡುಗೆಮನೆಯ ಹಿಂಬಾಗಿಲ ಹತ್ತಿರ ಅಕ್ಕಿ ಡಬ್ಬದ ಮೇಲೆ ಇಟ್ಟಿದ್ದೇನೆ. ನಾಳೆ ಸುಬ್ಹಿಗೆ ನನ್ನನ್ನು ಕರೆದೊಯ್ಯುತ್ತಾರೆ. ಅಂಗಡಿ ಒಂದು ಗಳಿಗೆ ಮುಚ್ಚಿದರೂ ಸರಿ, ಇವತ್ತೇ ಅಸರ್ ನಮಾಝಿನ ಒಳಗೆ ನೀನೇ ಬಂದು ತೆಗೆದುಕೊಂಡು ಹೋಗಿ ಅವನ ಕೈಗೆ ಕೊಡು. ಈ ಸಲ ನಿಜವಾಗಿ ಭಾರ ಉಂಟು.